ಬಸ್ಸಿನಲ್ಲಿ ವಾಂತಿ: ಬೈಯುವ ಮೊದಲು ಸ್ವಲ್ಪ ಕೇಳಿ

ಹುಬ್ಬಳ್ಳಿಯಲ್ಲಿ ಕಿವಿ, ಮೂಗು, ಗಂಟಲು ನೋಡುವ ವೈದ್ಯರಿಗೆ ಬಸ್ಸಿನ ದೂರುಗಳೇಕೆ ಬರುತ್ತವೆ ಅನಿಸಬಹುದು. ಪ್ರತಿ ರಜೆಯಲ್ಲೂ ಬರುತ್ತವೆ. ಅದರಲ್ಲೂ ಮೊದಲನೆಯ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಹಾವೇರಿಯಿಂದ ಶಿರಸಿ ಮೇಲೆ ಕುಮಟಾಕ್ಕೆ ಹೊರಟಿದ್ದೆ. ಮುಂದಿನ ಸೀಟಿನ ಹೆಣ್ಣುಮಗಳು ಕಿಟಕಿಯಿಂದ ವಾಂತಿ ಮಾಡಿದಳು. ಗಾಳಿಗೆ ಎಲ್ಲ ನನ್ನ ಅಂಗಿ ಮೇಲೆ ಬಂತು. ಬಸ್ಸು ಆಗಿಬರದವರು ಮನೆಯಲ್ಲೇ ಇರಬಾರದೇ?

ಉತ್ತರ: ನಿಮ್ಮ ಅಂಗಿ ಹಾಳಾದದ್ದಕ್ಕೆ ಬೇಜಾರಾಯಿತು. ಆದರೆ ‘ಮನೆಯಲ್ಲೇ ಇರಬಾರದೇ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆಕೆ ತವರಿಗೆ ಹೋಗಬಾರದಾ? ಆಸ್ಪತ್ರೆಗೆ ಹೋಗಬಾರದಾ? ಯಾರೂ ಬೇಕಂತ ವಾಂತಿ ಮಾಡುವುದಿಲ್ಲ.

ಒಳಕಿವಿಯಲ್ಲಿ ಮೂರು ಬಾಗಿದ ಸಣ್ಣ ಕೊಳವೆಗಳಿವೆ. ತಲೆ ಅತ್ತಿತ್ತ ಹೊರಳಿದಾಗ ಅವುಗಳೊಳಗಿನ ದ್ರವ ಅಲುಗಾಡುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ದೇವಿಮನೆ ಘಟ್ಟದಲ್ಲಿ ಆ ಸುದ್ದಿಗೆ ಬಿಡುವೇ ಇಲ್ಲ. ಅದೇ ಹೊತ್ತಿಗೆ ಕಣ್ಣು ಮೊಬೈಲ್ ಮೇಲಿದ್ದರೆ ‘ಕೂತಲ್ಲೇ ಕೂತಿದ್ದೇವೆ’ ಅನ್ನುತ್ತದೆ. ಕಿವಿಯದು ಒಂದು ಮಾತು, ಕಣ್ಣಿನದು ಇನ್ನೊಂದು. ಮಿದುಳಿಗೆ ಗೊಂದಲ, ಹೊಟ್ಟೆಗೆ ತೊಳಸು. ಡ್ರೈವರಿಗೆ ಹೀಗಾಗುವುದು ತೀರಾ ಕಡಿಮೆ. ತಿರುವು ಬರುವುದು ಅವರಿಗೆ ಮೊದಲೇ ಕಾಣುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಅರೆತಲೆನೋವು ಇರುವವರಿಗೆ ಇದು ಜಾಸ್ತಿ.

ಹಾಗಾಗಿ ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ನೆ ಕೂರಿಸುವ ತಂದೆ-ತಾಯಂದಿರೇ, ಘಟ್ಟದಲ್ಲಿ ಅದನ್ನು ಕಸಿದುಕೊಳ್ಳಿ. ದೂರದ ರಸ್ತೆ ನೋಡಲು ಹೇಳಿ. ಹಿಂದಿನ ಚಕ್ರದಾಚೆಯ ಸೀಟು ಬೇಡವೇ ಬೇಡ, ಅಲ್ಲಿ ಎತ್ತಿಹಾಕುವುದು ಹೆಚ್ಚು. ಮುಂದೆ ಕೂತರೆ ರಸ್ತೆಯೂ ಕಾಣುತ್ತದೆ. ಕಂಡಕ್ಟರಿಗೆ ಹೇಳಲು ಸಂಕೋಚ ಯಾಕೆ? ಹತ್ತುವಾಗಲೇ ಹೇಳಿ.

ಹೊರಡುವ ಮುಂಚೆ ಗಿರಮಿಟ್-ಮಿರ್ಚಿ ಹೊಡೆದು ಬಸ್ಸು ಹತ್ತುವುದು ತಪ್ಪು. ‘ಏನೂ ತಿನ್ನದಿದ್ದರೆ ವಾಂತಿ ಆಗುವುದಿಲ್ಲ’ ಅಂತ ಉಪವಾಸ ಹೊರಡುವುದೂ ತಪ್ಪು. ಎರಡು ಇಡ್ಲಿ ಸಾಕು. ನಿಂಬೆಹಣ್ಣು ಮೂಸುವವರು ಮೂಸಲಿ, ಅದರಿಂದ ಹಾನಿಯಿಲ್ಲ. ಅದನ್ನೇ ನಂಬಿ ಮಾತ್ರೆ ಬಿಡಬೇಡಿ.

ಮಾತ್ರೆಯಲ್ಲೂ ದೊಡ್ಡ ಎಡವಟ್ಟು ನಡೆಯುತ್ತದೆ. ವಾಂತಿ ಅಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಒಂಡಾನ್ಸೆಟ್ರಾನ್ ಕೊಡುತ್ತಾರೆ. ಹೊಟ್ಟೆ ಕೆಟ್ಟ ವಾಂತಿಗೆ ಅದು ಒಳ್ಳೆಯದೇ. ಪ್ರಯಾಣದ ವಾಂತಿಯ ದಾರಿಯೇ ಬೇರೆ, ಅಲ್ಲಿ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಪ್ರೊಮೆಥಜೀನ್ ಥರದ ಮಾತ್ರೆ ಬೇಕು. ಅದನ್ನೂ ಹೊರಡುವ ಮುಂಚೆಯೇ ನುಂಗಬೇಕು, ಘಟ್ಟ ಶುರುವಾದ ಮೇಲೆ ಅಲ್ಲ. ನಿದ್ದೆ ಬರುತ್ತದೆ, ಇಳಿದ ಮೇಲೆ ಬೈಕ್ ಓಡಿಸುವವರಿಗೆ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಉಳಿದ ಮಕ್ಕಳಿಗೂ, ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಅಂಜುತ್ತೇನೆ, ಅಂಜುವುದು ಸರಿ ಎಂದೇ ನನ್ನ ನಂಬಿಕೆ.

ಇನ್ನು ಬಸ್ ಸ್ಟ್ಯಾಂಡಿನಲ್ಲಿ ಸೂಜಿ ಹಿಡಿದು ಕಿವಿ ಕ್ಲೀನ್ ಮಾಡುವವರ ಮುಂದೆ ದಯವಿಟ್ಟು ಕೂರಬೇಡಿ. ‘ಕಿವಿಯ ಗಲೀಜು ತೆಗೆದರೆ ಬಸ್ಸು ಆಗಿಬರುತ್ತದೆ’ ಅನ್ನುವುದು ಶುದ್ಧ ಸುಳ್ಳು. ಸಮತೋಲನದ ಆ ಕೊಳವೆಗಳು ಕಿವಿಯ ತಮಟೆಯ ಆಚೆ, ಮೂಳೆಯೊಳಗೆ ಇವೆ. ಅವರ ಸೂಜಿಯಾಗಲಿ ನಿಮ್ಮ ಮನೆಯ ಬಿಸಿ ಎಣ್ಣೆಯಾಗಲಿ ಅಲ್ಲಿಗೆ ಮುಟ್ಟುವುದಿಲ್ಲ. ತೂತಾಗುವುದು ತಮಟೆ. ಅಂಥ ಕಿವಿಗಳನ್ನು ನಾನು ಇವತ್ತಿಗೂ ಹೊಲಿಯುತ್ತಿದ್ದೇನೆ.

ಇಷ್ಟಾದರೂ ವಾಂತಿ ಬಂದೀತು. ಕೈಯಲ್ಲಿ ಒಂದು ಗಟ್ಟಿ ಚೀಲ ಇರಲಿ. ಅದರಲ್ಲೇ ಮಾಡಿ, ಗಂಟು ಹಾಕಿ, ಇಳಿದ ಮೇಲೆ ಕಸದ ಡಬ್ಬಿಗೆ ಹಾಕಿ. ಚೀಲ ಇಟ್ಟುಕೊಳ್ಳದೆ ಹೊರಡುವವರ ಮೇಲೆ ಮಾತ್ರ ನಿಮ್ಮ ಸಿಟ್ಟು ನ್ಯಾಯ. ತಲೆ ಕಿಟಕಿಯ ಹೊರಗೆ ಹೋಗಲೇಬಾರದು, ಎದುರಿನ ಲಾರಿ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ಮುಂದಿನವರು ತಲೆ ಹೊರಹಾಕಿದರೆ ಬೈಯುವ ಮೊದಲು ಒಳಗೆ ಕರೆಯಿರಿ, ನಿಮ್ಮ ಹತ್ತಿರ ಚೀಲವಿದ್ದರೆ ಕೊಡಿ.

ಪ್ರಶ್ನೆ: ಗದಗ ಬಸ್ಸಿನಲ್ಲಿ ಜೋರಾಗಿ ರೀಲ್ಸ್ ಹಾಕುವವರಿಗೆ ಏನು ಮಾಡುವುದು?

ಉತ್ತರ: ಸರಕಾರಿ ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವುದನ್ನು ಹೈಕೋರ್ಟ್ 2021ರಲ್ಲೇ ತಡೆದಿದೆ, ಕಂಡಕ್ಟರಿಗೆ ಹೇಳಿ.

ಪ್ರಶ್ನೆ: ಹಾಗಾದರೆ ಇಯರ್‌ಫೋನ್ ಹಾಕಿಕೊಂಡರೆ ಕಿವಿಗೆ ತೊಂದರೆಯಿಲ್ಲ ಅಲ್ವಾ?

ಉತ್ತರ: ಇದೆ. ಇಂಜಿನ್ ಸದ್ದು ಮೀರಲು ನೀವು ವಾಲ್ಯೂಮ್ ಏರಿಸುತ್ತೀರಿ. ವಾರಕ್ಕೆ 40 ಗಂಟೆ, 80 ಡೆಸಿಬಲ್, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. 90ಕ್ಕೆ ಏರಿದರೆ ನಾಲ್ಕೇ ಗಂಟೆ.

ಪ್ರಶ್ನೆ: ಗುಟ್ಕಾ ಕಿಟಕಿಯಿಂದ ಉಗಿದರೆ ತಪ್ಪೇನು, ಬಸ್ಸಿನೊಳಗೆ ಉಗಿಯುವುದಿಲ್ಲವಲ್ಲ?

ಉತ್ತರ: ಉಗಿಯುವುದಿರಲಿ, ಗುಟ್ಕಾ ಜಗಿದು ಜಗಿದು ಬಾಯಿ ಬಿಗಿಯುತ್ತದೆ. ನಿಮ್ಮ ಬಾಯಿ ಮೂರು ಬೆರಳಷ್ಟು ತೆರೆಯುತ್ತದಾ ನೋಡಿಕೊಳ್ಳಿ. ತೆರೆಯದಿದ್ದರೆ ನಾಳೆಯೇ ಹತ್ತಿರದ ವೈದ್ಯರಿಗೆ ತೋರಿಸಿ.