ಅಚ್ಚಿನ ತಪ್ಪಲ್ಲ, ಕೊಂಡ ಹುದ್ದೆ

ಕಳೆದ ಸಂಚಿಕೆಯ ಶ್ರೀರಂಗಪಟ್ಟಣದ ಲೇಖನದಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ 24ನೇ ವಯಸ್ಸಿಗೇ ಲೆಫ್ಟಿನೆಂಟ್ ಕರ್ನಲ್ ಆದ ಎಂದಿತ್ತು. 1787ರಲ್ಲಿ ಸೇನೆ ಸೇರಿದವನು ಒಂದು ಕಾಳಗವನ್ನೂ ಕಾಣದೆ 1793ಕ್ಕೆ ಆ ಹುದ್ದೆಗೇರುವುದುಂಟೇ, ಇಸವಿ ತಪ್ಪಿರಬೇಕು ಎಂದು ಬರೆದಿದ್ದೀರಿ. ಇಸವಿ ಸರಿಯಾಗಿಯೇ ಇದೆ. ಮೇಜರ್, ಲೆಫ್ಟಿನೆಂಟ್ ಕರ್ನಲ್ ಎರಡೂ ಹುದ್ದೆಗಳನ್ನು ಆತ 33ನೇ ಪದಾತಿ ರೆಜಿಮೆಂಟಿನಲ್ಲಿ ಅದೇ ವರ್ಷ ದುಡ್ಡು ಕೊಟ್ಟು ಕೊಂಡ. ದುಡ್ಡು ಅಣ್ಣ ರಿಚರ್ಡನಿಂದ ತಂದ ಸಾಲ. ಮೊದಲ ಕಾಳಗ ಕಂಡದ್ದು ಮರುವರ್ಷ.

ಇದು ಲಂಚವಲ್ಲ, ಸರ್ಕಾರವೇ ದರ ಕಟ್ಟಿದ್ದ ವ್ಯವಹಾರ. 1821ರ ದರಪಟ್ಟಿಯಲ್ಲಿ ಸಾಮಾನ್ಯ ಪದಾತಿ ರೆಜಿಮೆಂಟಿನ ಅತಿ ಕೆಳಗಿನ ಅಧಿಕಾರಿ ದರ್ಜೆಯಾದ ಎನ್ಸೈನ್ ಹುದ್ದೆಗೆ 450 ಪೌಂಡು, ಲೆಫ್ಟಿನೆಂಟಿಗೆ 700, ಕ್ಯಾಪ್ಟನ್‌ಗೆ 1,800, ಮೇಜರ್‌ಗೆ 3,200, ಲೆಫ್ಟಿನೆಂಟ್ ಕರ್ನಲ್‌ಗೆ 4,500. ವೆಲ್ಲೆಸ್ಲಿಯ ಕಾಲಕ್ಕೆ ಇನ್ನೂ ಕಡಿಮೆಯಿತ್ತು. ಒಬ್ಬ ಕ್ಯಾಪ್ಟನ್ ಹುದ್ದೆ ಮಾರಿ ಹೊರಟನೆನ್ನಿ. ಅವನ ಜಾಗಕ್ಕೇರುವ ಲೆಫ್ಟಿನೆಂಟ್ ವ್ಯತ್ಯಾಸದ 1,100 ಕೊಡಬೇಕು. ಆ ಲೆಫ್ಟಿನೆಂಟನ ಜಾಗಕ್ಕೆ ಬರುವ ಎನ್ಸೈನ್ 250. ಹೊಸದಾಗಿ ಸೇರುವ ಹುಡುಗ 450. ಕೂಡಿಸಿ ನೋಡಿ, ಹೋಗುವವನ ಕೈಗೆ ಸರಿಯಾಗಿ 1,800. ಇದರ ಮೇಲೆ ಗುಟ್ಟಾಗಿ ಕೊಡುವ ಹೆಚ್ಚುವರಿ ಬೇರೆ. ಅದು ಕಾನೂನುಬಾಹಿರ, ಆದರೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸರದಿಯಲ್ಲಿ ಮುಂದಿದ್ದರೂ ಕೈಯಲ್ಲಿ ಕಾಸಿಲ್ಲದವನನ್ನು ದಾಟಿ ಹಿಂದಿನವನು ಮೇಲೇರುತ್ತಿದ್ದ. ಅಧಿಕಾರಿ ಯುದ್ಧದಲ್ಲೋ ಜ್ವರದಲ್ಲೋ ಸತ್ತರೆ ಹಾಕಿದ ಹಣ ಮುಳುಗಿತು. ಖಾಲಿ ಜಾಗ ಕೆಳಗಿನವನಿಗೆ ಪುಕ್ಕಟೆ. ಕಾಯಿಲೆ ಬಿದ್ದವರು ಸಾಯುವ ಮೊದಲು ಹುದ್ದೆ ಮಾರಲು ಹವಣಿಸುತ್ತಿದ್ದುದು ಇದಕ್ಕೇ.

ಫಿರಂಗಿ ದಳದಲ್ಲಿ, ಎಂಜಿನಿಯರುಗಳಲ್ಲಿ ಈ ಮಾರಾಟವಿರಲಿಲ್ಲ. ಕರ್ನಲ್ ಮತ್ತು ಅದರಾಚೆಯ ದರ್ಜೆಗಳೂ ಬಿಕರಿಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಂತೂ ಬಡ್ತಿಗೆ ಸೇವಾ ಹಿರಿತನವೇ ಗತಿ. ಥಾಮಸ್ ಮನ್ರೋ 1780ರಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದವನು, ಹೈದರನ ಮೇಲಿನ ಯುದ್ಧದಿಂದಲೇ ಚಾಕರಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿನ ವಿಲೇವಾರಿಗೆಂದು ಆಯೋಗ ಕೂತಾಗ 30ರ ಕರ್ನಲ್ ವೆಲ್ಲೆಸ್ಲಿ ಅದರ ಸದಸ್ಯ, 38ರ ಮನ್ರೋ ಅದರ ಇಬ್ಬರು ಕಾರ್ಯದರ್ಶಿಗಳಲ್ಲಿ ಒಬ್ಬ, ಇನ್ನೂ ಕ್ಯಾಪ್ಟನ್. ಹಾಗೆಂದು ವೆಲ್ಲೆಸ್ಲಿಯದೆಲ್ಲ ದುಡ್ಡಿನ ಆಟವೆನ್ನಲಾಗದು, ಅಣ್ಣನ ಬಲವೂ ಇತ್ತು. ಕೋಟೆಗೆ ಲಗ್ಗೆ ಹಾಕಿದ ಮೇಜರ್ ಜನರಲ್ ಬೇರ್ಡನನ್ನು ಬಿಟ್ಟು ಪಟ್ಟಣದ ಆಡಳಿತ ಅವನಿಗೆ ಸಿಕ್ಕಾಗ ಗವರ್ನರ್ ಜನರಲ್ ಆಗಿದ್ದವನು ಅದೇ ಅಣ್ಣ ರಿಚರ್ಡ್. ಬೇರ್ಡ್ ಕೆರಳಿದ್ದರಲ್ಲಿ ಆಶ್ಚರ್ಯವೇನು?

ಹುದ್ದೆ ಮಾರಾಟ 1871ರಲ್ಲಿ ನಿಂತಿತು. ನಿಮಗೆ ಯಾವುದೇ ಅಧಿಕಾರಿಯ ಬಗ್ಗೆ ಸಂಶಯ ಬಂದರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಅವನ ಬಡ್ತಿಯ ಸಾಲು ಹುಡುಕಿ. ‘ಬೈ ಪರ್ಚೇಸ್’ ಎಂದಿದ್ದರೆ ಕೊಂಡದ್ದು, ‘ವಿತೌಟ್ ಪರ್ಚೇಸ್’ ಎಂದಿದ್ದರೆ ಪುಕ್ಕಟೆ ಬಂದದ್ದು. ಯಾರ ಜಾಗಕ್ಕೆ ಬಂದನೆಂಬುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

– ಸಂ.