ಆರೋಗ್ಯ ಸಂಸ್ಥೆಗಳು ಕೈಜೋಡಿಸಿದ ಕೆಲಸ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಯಾಕೆ ನಿಂತುಹೋಗುತ್ತದೆ?

ಸರ್ಕಾರಿ ಆಸ್ಪತ್ರೆ, ಖಾಸಗಿ ನರ್ಸಿಂಗ್ ಹೋಂ, ಟ್ರಸ್ಟು ಎಲ್ಲರೂ ಒಡಂಬಡಿಕೆಗೆ ಸಹಿ ಹಾಕಿದ ಮೇಲೂ ಹೀಗೇಕಾಗುತ್ತದೆ ಅಂತ ಕೇಳಿದ್ದೀರಿ. ನಾನು ದಕ್ಷಿಣ ಕೊಡಗಿನಲ್ಲಿ ಕ್ಷಯರೋಗ ನಿಯಂತ್ರಣದ ಕೆಲಸ ಮಾಡುವವನು. ಗೋಣಿಕೊಪ್ಪ, ಪೊನ್ನಂಪೇಟೆ, ಕುಟ್ಟದ ಕಡೆ ತೋಟದ ಕಾರ್ಮಿಕರು ಇರುವ ಲೈನ್‌ಮನೆ, ಬುಡಕಟ್ಟು ಜನರ ಹಾಡಿಗಳಲ್ಲಿ ಓಡಾಡಿ ಕಂಡದ್ದನ್ನೇ ಹೇಳುತ್ತೇನೆ. ರೋಗಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ ಆ ಕಡೆ ಕಾಯುತ್ತಿರುವವರು ಯಾರು ಅಂತ ಹೆಸರು ಸಮೇತ ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಕಳಿಸಿದವರಿಗೆ 'ಬಂದು ತಲುಪಿದ್ದಾರೆ' ಅನ್ನುವ ಸುದ್ದಿ ವಾಪಸ್ ಬರಬೇಕು. ಇದು ಇಲ್ಲದ ಕಡೆ ಎಷ್ಟು ಸಭೆ ಮಾಡಿದರೂ ಪ್ರಯೋಜನವಿಲ್ಲ.

ಕಾಫಿ ಕುಯ್ಲಿನ ಸಮಯ ನೋಡಿ. ಅಸ್ಸಾಂನಿಂದ ಬಂದ ಕಾರ್ಮಿಕ ಎರಡು ವಾರ ದಾಟಿದ ಕೆಮ್ಮು ಇಟ್ಟುಕೊಂಡು ಸಂತೆ ದಿನ ಪೇಟೆಯ ಖಾಸಗಿ ಡಾಕ್ಟರ ಹತ್ತಿರ ಹೋಗುತ್ತಾನೆ. ಟಿಬಿ ಅಂತ ಗೊತ್ತಾಗುತ್ತದೆ. 2012ರಿಂದ ಖಾಸಗಿಯವರೂ ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು ಕಡ್ಡಾಯ, ಹಾಗಾಗಿ ಟಿಬಿ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರೂ ಏರುತ್ತದೆ. ಸಾಮಾನ್ಯ ಟಿಬಿಗೆ ಮಾತ್ರೆ ಆರು ತಿಂಗಳು. ಆದರೆ ಕುಯ್ಲು ಮುಗಿದ ಮಾರನೇ ದಿನ ಲೈನ್‌ಮನೆಗೆ ಬೀಗ. ಅವನ ದಾಖಲೆಯನ್ನು ದೇಶದ ಯಾವ ಜಿಲ್ಲೆಗೆ ಬೇಕಾದರೂ ಪೋರ್ಟಲ್‌ನಲ್ಲೇ ವರ್ಗಾಯಿಸಬಹುದು, ಅವನು ಮಾತ್ರ ಅಲ್ಲಿ ಯಾರ ಮುಂದೆಯೂ ಹೋಗಿ ನಿಲ್ಲುವುದಿಲ್ಲ.

ಇಂಥ ಕಡೆ ಕೆಲಸ ಉಳಿಸುವವರು ತೋಟದ ರೈಟರ್, ಅಂದರೆ ಕಾರ್ಮಿಕರ ಲೆಕ್ಕ ಬರೆಯುವವರು. 'ಶನಿವಾರ ಇವನ ಲೆಕ್ಕ ಚುಕ್ತಾ ಮಾಡ್ತಾ ಇದ್ದೀವಿ ಸಾರ್' ಅಂತ ಒಂದು ಫೋನ್ ಬಂದರೆ, ನಾವು ದಾರಿಗೆ ಮಾತ್ರೆ ಕಟ್ಟಿಕೊಟ್ಟು, ಅವನ ಊರಿನ ಕೇಂದ್ರದವರ ಜೊತೆ ಅವನನ್ನೇ ಮಾತಾಡಿಸಿ ಕಳಿಸುತ್ತೇವೆ. ಆ ರೈಟರ್ ಹೆಸರು ಯಾವ ಒಡಂಬಡಿಕೆಯಲ್ಲೂ ಇರುವುದಿಲ್ಲ. ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಖಾಸಗಿ ಡಾಕ್ಟರುಗಳು ಸಹಕರಿಸುವುದಿಲ್ಲ ಅಂತ ನಮ್ಮವರು ಸುಲಭವಾಗಿ ದೂರುತ್ತಾರೆ. ಅವರ ಭಯವನ್ನೂ ಕೇಳಬೇಕು: ಹೆಸರು ಕೊಟ್ಟರೆ ರೋಗಿ ಕೈತಪ್ಪಿ ಹೋಗುತ್ತಾನೆ ಅಂತ. ಹೆಸರು ಕೊಟ್ಟದ್ದಕ್ಕೆ 500 ರೂಪಾಯಿ, ಚಿಕಿತ್ಸೆಯ ಫಲಿತಾಂಶ ತಿಳಿಸಿದ್ದಕ್ಕೆ ಇನ್ನೊಂದು 500 ರೂಪಾಯಿ ಸರ್ಕಾರ ಕೊಡುತ್ತದೆ. ಆದರೆ ನಾನು ನೋಡಿದ ಹಾಗೆ ಅವರ ಮನಸ್ಸು ಬದಲಾಗುವುದು ಆ ದುಡ್ಡಿನಿಂದಲ್ಲ. 'ಮಾತ್ರೆ ನಾವು ಉಚಿತವಾಗಿ ಕೊಡುತ್ತೇವೆ, ರೋಗಿ ನಿಮ್ಮ ಹತ್ತಿರವೇ ಬರಲಿ' ಅಂತ ಹೇಳಿ, ಹಾಗೇ ನಡೆದುಕೊಂಡ ಮೇಲೆ ಅವರಾಗಿಯೇ ಫೋನ್ ಮಾಡುತ್ತಾರೆ.

ಇನ್ನು ಗುರಿ ಮುಟ್ಟುವ ಪೈಪೋಟಿ. ಒಂದು ಲೈನ್‌ಮನೆಯಲ್ಲಿ ಆಶಾ ಕಾರ್ಯಕರ್ತೆ, ಒಂದು ಸಂಸ್ಥೆಯ ಹುಡುಗಿ, ನಮ್ಮ ಕಚೇರಿಯವರು, ಹೀಗೆ ಮೂವರೂ ಒಬ್ಬಳೇ ಹೆಂಗಸಿನ ತೂಕ ನೋಡಿ ಮೂರು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದ ಅವಳ ಮೈದುನನ ಕೈಗೆ ಕಫದ ಡಬ್ಬಿ ಕೊಟ್ಟವರು ಮಾತ್ರ ಯಾರೂ ಇಲ್ಲ. ಪ್ರತಿ ಸಂಸ್ಥೆಗೂ ತನ್ನದೇ ಸಂಖ್ಯೆ ತೋರಿಸಬೇಕಾದ ಒತ್ತಡ ಇರುವವರೆಗೆ ಇದು ತಪ್ಪುವುದಿಲ್ಲ. ಒಂದೇ ಪಟ್ಟಿ ಇಟ್ಟುಕೊಂಡು, ವಾರಕ್ಕೊಮ್ಮೆ ಕೂತು ಮನೆಗಳನ್ನು ಹಂಚಿಕೊಂಡ ಕಡೆ ಇದು ನಿಂತಿದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿನ ಕಡೆ ಹೋಗುವ ಸಂಪಾಜೆ ರಸ್ತೆ ಮುಚ್ಚಿದಾಗ ಯಾವ ಒಡಂಬಡಿಕೆಯೂ ಇಲ್ಲದೆ ಎಲ್ಲರೂ ಕೈಜೋಡಿಸಿದ್ದರು. ಅದನ್ನು ಮಾದರಿ ಅಂತ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆಪತ್ತಿನಲ್ಲಿ ಜನ ತಮ್ಮ ಕೆಲಸ ಬಿಟ್ಟು ಬರುತ್ತಾರೆ. ಆರು ತಿಂಗಳ ಚಿಕಿತ್ಸೆಯನ್ನು ದಿನನಿತ್ಯದ ಕೆಲಸದ ನಡುವೆಯೇ ಮಾಡಬೇಕು.

ನೀವು ಒಡಂಬಡಿಕೆ ಬರೆಯುವ ಹಂತದಲ್ಲಿದ್ದರೆ ಸಣ್ಣ ಖರ್ಚುಗಳನ್ನು ಮೊದಲು ಬರೆಸಿ. ಕಫದ ಮಾದರಿಯನ್ನು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸುವ ಆಟೋ ಬಾಡಿಗೆ ಯಾರದು, ಫೋನಿನ ಖರ್ಚು ಯಾರದು, ಟ್ರಸ್ಟಿನ ಯೋಜನೆ ಮಾರ್ಚ್ 31ಕ್ಕೆ ಮುಗಿದರೆ ಅರ್ಧ ಚಿಕಿತ್ಸೆಯಲ್ಲಿರುವವರನ್ನು ಯಾರು ನೋಡಿಕೊಳ್ಳುತ್ತಾರೆ. ಬರೆಯದೆ ಬಿಟ್ಟರೆ ಆಟೋ ಬಾಡಿಗೆ ಆಶಾ ಕಾರ್ಯಕರ್ತೆಯ ಪರ್ಸಿನಿಂದ ಹೋಗುತ್ತದೆ. ಎರಡು ಸಲ ಕೊಡುತ್ತಾರೆ, ಮೂರನೇ ಸಲ ಮಾದರಿ ಹೊರಡುವುದಿಲ್ಲ.