ಗೆಣಸು ಮುದ್ದೆಯಾಗದೆ ಬೆಲ್ಲ ಹಿಡಿಯಬೇಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಮಗನ ಸಂಸಾರ ಅಮೆರಿಕದಲ್ಲಿದೆ, ಈ ಸಲ ದೀಪಾವಳಿಗೆ ಊರಿಗೆ ಬರುತ್ತಿದ್ದಾರೆ. ಅಲ್ಲಿ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕ್ಯಾಂಡಿಡ್ ಯಾಮ್ಸ್ ಅಂತ ಸಿಹಿಗೆಣಸನ್ನು ಬೆಣ್ಣೆ, ಕಂದು ಸಕ್ಕರೆ ಹಾಕಿ ಮಾಡುತ್ತಾರಂತೆ, ಮೊಮ್ಮಕ್ಕಳಿಗೆ ಅದೇ ಬೇಕು. ಕುಕ್ಕರ್‌ನಲ್ಲಿ ಬೆಲ್ಲದ ಜೊತೆ ಇಟ್ಟರೆ ಗೆಣಸು ಮುದ್ದೆ, ಬೆಲ್ಲ ನೀರುನೀರು. ಮನೆಯಲ್ಲಿ ಓವನ್ ಇಲ್ಲ.
(ಟಿಳಕವಾಡಿ, ಬೆಳಗಾವಿ)

ಉತ್ತರ: ಓವನ್ ಬೇಡವೇ ಬೇಡ ರೀ. ಕುಕ್ಕರ್ ಮಾತ್ರ ಪಕ್ಕಕ್ಕಿಡಿ.

ನಿಮ್ಮೂರಲ್ಲಿ ಗೆಣಸಿಗೇನು ಬರ, ಖಾನಾಪುರದ ಕಡೆಯ ಕೆಂಪು ಮಣ್ಣಿನದು ಸಂತೆಗೆ ಬಂದೇ ಬರುತ್ತದೆ. ಅಮೆರಿಕದವರು ಬಳಸುವುದು ಕೇಸರಿ ತಿರುಳಿನದು, ಅದರಲ್ಲಿ ನೀರಿನಂಶ ಜಾಸ್ತಿ. ನಮ್ಮ ಬಿಳಿ ತಿರುಳಿನದು ಹಿಟ್ಟುಹಿಟ್ಟು, ಹೆಚ್ಚು ಬೆಂದರೆ ಪುಡಿಪುಡಿ. ಆಗಷ್ಟೇ ಕಿತ್ತ ಗೆಣಸಿಗಿಂತ ಒಂದೆರಡು ವಾರ ಮನೆಯಲ್ಲಿ ಇಟ್ಟದ್ದು ಸಿಹಿ, ಒಳಗಿನ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಈಗಲೇ ತಂದು ಬುಟ್ಟಿಯಲ್ಲಿ ಗಾಳಿಯಾಡುವಂತೆ ಇಡಿ. ಫ್ರಿಜ್‌ನಲ್ಲಿ ಬೇಡ, ಹಸಿ ಗೆಣಸಿನ ನಡುಭಾಗ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗಲ್ಲ.

ಒಂದು ಕಿಲೋ ಗೆಣಸನ್ನು ಸಿಪ್ಪೆ ಸಮೇತ ತಣ್ಣೀರಲ್ಲೇ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ನಿಧಾನಕ್ಕೆ ಬಿಸಿಯೇರಿದರೆ ಸಿಹಿ ಇನ್ನೂ ಹೆಚ್ಚುತ್ತದೆ. ಚಾಕು ಚುಚ್ಚಿದರೆ ನಡುವೆ ಸ್ವಲ್ಪ ತಡೆಯಬೇಕು, ಆಗಲೇ ಇಳಿಸಿ. ಆರಿದ ಮೇಲೆ ಸುಲಿದು ಬೆರಳು ದಪ್ಪ ಬಿಲ್ಲೆ ಮಾಡಿ. ಹಸಿ ಬಿಲ್ಲೆಯನ್ನೇ ಬೆಲ್ಲಕ್ಕೆ ಹಾಕುತ್ತಾರೆ ಕೆಲವರು, ಬೆಲ್ಲ ಬಿದ್ದರೆ ಬೇಯುವುದು ನಿಧಾನ, ಒಳಗೆ ಕಚ್ಚಾ ಉಳಿಯುತ್ತದೆ.

ಈಗ ಅಗಲ ಬಾಯಿಯ ದಪ್ಪ ತಳದ ಬೋಗುಣಿ. ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಅದೇ ಇರಲಿ, 200 ಗ್ರಾಂ ಸಾಕು. ಎರಡೇ ಚಮಚ ನೀರಲ್ಲಿ ಕರಗಿಸಿ ಸೋಸಿ, ನಾಲ್ಕು ಚಮಚ ತುಪ್ಪ, ಚಿಟಿಕೆ ಉಪ್ಪು, ಚೂರು ದಾಲ್ಚಿನ್ನಿ ಪುಡಿ, ತುಸು ಜಾಜಿಕಾಯಿ ತೇದು ಹಾಕಿ. ಗುಳ್ಳೆ ಸಣ್ಣದರಿಂದ ದೊಡ್ಡದಾಗಿ, ಮಂದವಾಗಿ ಏಳುತ್ತಿದ್ದಂತೆ ಬಿಲ್ಲೆಗಳನ್ನು ಒಂದೇ ಪದರ ಹರಡಿ. ಮುಚ್ಚಬೇಡಿ, ಮುಚ್ಚಿದರೆ ಆವಿ ಬಿದ್ದು ಮತ್ತೆ ನೀರಾಗುತ್ತದೆ. ಸೌಟು ಆಡಿಸದೆ ಬೋಗುಣಿಯನ್ನೇ ಅಲ್ಲಾಡಿಸಿ, ಒಮ್ಮೆ ಮಾತ್ರ ತಿರುವಿ ಹಾಕಿ. ಅಂಚು ಹೊಳೆದು ಪಾಕ ಅಂಟಿದರೆ ಆಯ್ತು, ಆರುತ್ತಾ ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ಊಟದ ಜೊತೆಯದು, ಹೋಳಿಗೆ ಮಾಡಿದ ದಿನ ಬೇಡ, ಸಿಹಿ ಮೇಲೆ ಸಿಹಿ ಯಾರು ತಿನ್ನುತ್ತಾರೆ? ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ ದಿನ ಬದಿಗೆ ಬಡಿಸಿ. ಮೇಲೆ ಮಾರ್ಷ್‌ಮೆಲ್ಲೊ (ಸ್ಪಂಜಿನಂಥ ಮೆತ್ತನೆಯ ಮಿಠಾಯಿ) ಬೇಕೇಬೇಕು ಅಂತ ಮಕ್ಕಳು ಹಠ ಹಿಡಿದರೆ ಪ್ಯಾಕೆಟ್ ಓದಿಯೇ ತನ್ನಿ, ಸಾಮಾನ್ಯವಾಗಿ ಅದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ, ಸಸ್ಯಾಹಾರಿಗಳಿಗೆ ಆಗುವುದಲ್ಲ.